ಹಾಲುಕ್ಕಿಸಿದ ಡೇರೆಗಾಡಿ

ಮಾಘದ ಚಳಿ, ಬೆಳಗಿನ ಏಳು ಗಂಟೆ. ಮಡಚಿದರೆ ಪೆಟ್ಟಿಗೆ, ಬಿಚ್ಚಿದರೆ ಡೇರೆಯಾಗುವ, ವಾಹನದ ಹಿಂದೆ ಕಟ್ಟಿ ಎಳೆಯುವ ಹಳೆಯ ಗಾಡಿಯೊಂದನ್ನು ಕೊಂಡು, ಟೈಲರ್ ಚಿಕ್ಕೀರಯ್ಯ ಮನೆ ಮುಂದೆ ತಂದು ನಿಲ್ಲಿಸಿದ.

"ಇದ್ರಲ್ಲಿ ಊರೂರು ಸುತ್ತೋಕೆ ನಾವೇನು ಸರ್ಕಸ್ಸಿನೋರಾ? ನಾ ಬರಾಕಿಲ್ಲ," ಎಂದಳು ಹೆಂಡತಿ.

"ಇದೂ ಒಂದು ಮನೇನೇ ಕಣೇ. ನೀನಿಲ್ದೆ ನಾನೆಲ್ಲಿಗೂ ಹೊರಡಾಕಿಲ್ಲ."

ಎರಡು ತಿಂಗಳು ಕೂತು ಹರಿದ ಡೇರೆ ಹೊಲಿದ, ತುಕ್ಕು ಉಜ್ಜಿದ, ಅವಳಿಗೆ ಇಷ್ಟವಾದ ಹಸಿರು ಪರದೆಯನ್ನೂ ಹಾಕಿದ. ಅವಳ ಮನಸ್ಸು ಕರಗಿತು.

"ಮನೆ ಅಂದ್ಮೇಲೆ ಹಾಲುಕ್ಕಿಸ್ಬೇಕು," ಎಂದು ತಂಗಿಯರಿಬ್ಬರನ್ನೂ ಕರೆಸಿದಳು. ಹಾಲು ಚೆನ್ನಾಗಿಯೇ ಉಕ್ಕಿತು. ಚಿಕ್ಕೀರಯ್ಯ ಹಿಗ್ಗಿನಿಂದ ತನ್ನ ಬಟ್ಟೆಯ ಚೀಲ ತಂದ.

"ನಿಮಗ್ಯಾಕೆ ಚೀಲ? ಈಗ ಎರಡು ಮನೆ ಆದ್ವಲ್ಲ. ಹಳೇ ಮನೇಲಿ ದೀಪ ಹಚ್ಚೋರು ಬ್ಯಾಡ್ವಾ?" ಎಂದಳು ಹೆಂಡತಿ.

ಶುಕ್ರವಾರ, ಕಿರಿಯ ತಂಗಿಯ ಜೀಪಿಗೆ ಗಾಡಿ ಕಟ್ಟಿಕೊಂಡು, ಅಕ್ಕತಂಗಿಯರು ಮೂವರೂ ಹೊರಟರು.