ಕತ್ತಲಾದರೆ ಹಬ್ಬ

ಪ್ರೊಫೆಸರ್ ವೆಂಕೋಬರಾಯರ ಲ್ಯಾಬಿನ ಲೋಕವೇ ಉಲ್ಟಾ. ಊರಿಗೆಲ್ಲ ದೀಪ ಹಚ್ಚಿದರೆ ಹಬ್ಬ, ಇವರಿಗೆ ಆರಿದರೆ ಹಬ್ಬ. ರೋಗದ ಜೀವಕೋಶದೊಳಗೆ ಎರಡು ಪ್ರೋಟೀನುಗಳು ಕೈಕೈ ಹಿಡಿದರೆ ಮಿಂಚುಹುಳದಂತೆ ಬೆಳಕು ಹೊಮ್ಮುವ ಹಾಗೆ ಮಾಡಿಟ್ಟಿದ್ದರು. ಅವೆರಡನ್ನೂ ಬಿಡಿಸಿ ಆ ಬೆಳಕನ್ನು ಆರಿಸುವ ಔಷಧಿಗಾಗಿ ವರ್ಷಗಟ್ಟಲೆ ಹುಡುಕಾಟ ನಡೆದಿತ್ತು.

ಅವತ್ತು ಫೋಟೋ ತೆಗೆಸಿಕೊಳ್ಳಲೆಂದು ರಾಯರು ತಾವೇ ಜೀವಕೋಶ, ಔಷಧಿ ತುಂಬಿದ ಪುಟ್ಟ ಪುಟ್ಟ ಕುಳಿಗಳ ತಟ್ಟೆಯನ್ನು ಬೆಳಕು ಅಳೆಯುವ ಯಂತ್ರದೊಳಗೆ ಇಟ್ಟರು. ಬೆಳಕು ಸೊನ್ನೆ! ಕುಲಪತಿಗಳಿಗೆ ಫೋನು ಹೋಯಿತು, ಪೇಢೆ ಬಂತು, ಹಾರ ಬಂತು.

ಸಂಶೋಧನಾ ವಿದ್ಯಾರ್ಥಿನಿ ಮುಕ್ತಾ ಮಾತ್ರ ಪೇಢೆ ಪಕ್ಕಕ್ಕಿಟ್ಟು ಯಂತ್ರದ ಪರದೆಗೆ ಕಣ್ಣು ಹಾಕಿದಳು.

“ಸರ್, ಔಷಧಿ ಹಾಕದೆ ಬರೀ ನೀರು ಹಾಕಿದ ಕುಳಿಯಲ್ಲೂ ಬೆಳಕಿಲ್ಲ.”

“ನೀರೇ ಔಷಧಿ ಅಂತ ಹಿರಿಯರು ಸುಮ್ಮನೆ ಹೇಳಿದ್ರೇನಮ್ಮ? ಅದನ್ನೂ ಬರ್ಕೋ.”

“ಒಂದ್ಸಲ ತೆಗೆದು ನೋಡ್ಲಾ ಸರ್?”

“ಶುಭಕಾರ್ಯದಲ್ಲಿ ಸೀನೋ ಬುದ್ಧಿ ನಿಂದು. ನೋಡು.”

ಮುಕ್ತಾ ತಟ್ಟೆಯನ್ನು ಹೊರಗೆಳೆದಳು. ಧೂಳು ಬೀಳದಿರಲೆಂದು ಅವಳು ಅಂಟಿಸಿದ್ದ ಬೆಳ್ಳಿ ಬಣ್ಣದ ಹಾಳೆ ಮೇಲೆ ಹಾಗೇ ಇತ್ತು. ರಾಯರು ಅದನ್ನು ಬಿಚ್ಚದೆಯೇ ಒಳಗಿಟ್ಟಿದ್ದರು. ಅವಳು ಹಾಳೆಯನ್ನು ಸುಲಿದು ತಟ್ಟೆಯನ್ನು ಮತ್ತೆ ಒಳಗೆ ತಳ್ಳಿದಳು. ಪರದೆಯ ಮೇಲೆ ಒಂದೊಂದು ಕುಳಿಯೂ ದೀಪಾವಳಿಯ ಹಾಗೆ ಹೊತ್ತಿಕೊಂಡಿತು.

ರಾಯರು ಕೊರಳಿನ ಹಾರ ಸರಿಮಾಡಿಕೊಂಡು ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದರು.

“ಟೀವಿಯವರು ಬಂದೇಬಿಟ್ರು. ಆ ಹಾಳೆ ಬೇಗ ಅಂಟಿಸಮ್ಮ.”