ಮನೆಯಲ್ಲಿ ಬೇರೆ ಯಾರಿಗಾದರೂ?

ಸ್ವಲ್ಪ ನಿಂತು ಇದೊಂದನ್ನು ಕೇಳಿಬಿಡಿ. ದಿನಾ ಸಂಜೆ ಅದೇ ಪಾಠ, ಅದೇ ಅಳು. ಕಿರಿಮಗಳಿಗೆ ಓದಿಸಿ ಓದಿಸಿ ಸೋತುಹೋದ ತಾಯಿ, ಹಿರಿಮಗಳನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಬಂದಿದ್ದಳು.

“ಇವಳು ಸೋಮಾರಿ ಅಲ್ಲಮ್ಮ,” ಎಂದರು ಡಾಕ್ಟರು. “ಡಿಸ್ಲೆಕ್ಸಿಯಾ ಇದು. ಅಕ್ಷರಕ್ಕೆ ಶಬ್ದ ಹೊಂದಿಸೋ ಕೆಲಸ ಇವಳ ಮಿದುಳಲ್ಲಿ ಬೇರೆ ಥರ ನಡೆಯುತ್ತೆ. ಹೊಡೆದ್ರೆ ಹೋಗಲ್ಲ, ಕಲಿಸೋ ರೀತಿ ಬದಲಾಯಿಸ್ಬೇಕು.”

ತಾಯಿಗೆ ಹೋದ ಜೀವ ಬಂದಂತಾಯಿತು.

“ಇದು ಮನೆತನದಲ್ಲೂ ಬರುತ್ತೆ. ನಿಮ್ಮಲ್ಲಿ ಬೇರೆ ಯಾರಿಗಾದ್ರೂ ಇತ್ತಾ?”

“ಯಾರಿಗೂ ಇಲ್ಲ ಡಾಕ್ಟ್ರೇ.”

ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹಿರಿಮಗಳು ಮೆಲ್ಲಗೆ ಕೇಳಿದಳು: “ಅಮ್ಮಾ, ಎಷ್ಟು ಹೇಳಿಕೊಟ್ರೂ ಓದೋಕೆ ಬರಲ್ಲ ಅಂತ ಆರನೇ ಕ್ಲಾಸಿಗೇ ನನ್ನ ಸ್ಕೂಲ್ ಬಿಡಿಸಿದ್ಯಲ್ಲ, ಅದೇನು?”

ನೀವಾಗಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ?