ನಕಾಶೆಯ ಕೆಳಗಿನ ಕೈ

ಪರೀಕ್ಷಕ ಹೊಳಬಸಪ್ಪನವರು ವಿಮಾನ ಹತ್ತಿ ಪಕ್ಕದಲ್ಲಿ ಕೂತವರೇ ತೊಡೆಯ ಮೇಲೆ ದೊಡ್ಡದೊಂದು ನಕಾಶೆ ಹಾಸಿಕೊಂಡರು. ಚಾಲಕನ ಸೀಟಿನಲ್ಲಿದ್ದ ಅವಧೂತನಿಗೆ ಆಗಲೇ ಖಾತ್ರಿಯಾಯಿತು: ಈ ಮನುಷ್ಯ ನನ್ನನ್ನು ಕೆಡವಲೆಂದೇ ಬಂದಿದ್ದಾನೆ. ಬೆಳಗಾವಿ ಕಡೆಯವರು, ಕನ್ನಡ ಮಾತಾಡುತ್ತಾರೆ ಎಂದು ತಿಳಿದಾಗ ಕೊಂಚ ಆಸೆ ಹುಟ್ಟಿತ್ತು. ನಕಾಶೆ ಕಂಡದ್ದೇ ಅದೂ ಬತ್ತಿತು.

ನಕಾಶೆಯ ಮರ್ಮವನ್ನು ಹಾರಲು ಕಲಿಸಿದ ಅಪ್ಪಾಸಾಹೇಬರು ಮೊದಲೇ ಹೇಳಿದ್ದರು. ಎರಡು ಎಂಜಿನ್ನಿನ ವಿಮಾನದ ಪರೀಕ್ಷೆಯೆಂದರೆ ಇದೇ. ಹಾರುತ್ತಿರುವಾಗ ಪರೀಕ್ಷಕರು ಯಾವುದೋ ಒಂದು ಎಂಜಿನ್ನಿನ ಪೆಟ್ರೋಲ್ ಚಾವಿಯನ್ನು ಗುಟ್ಟಾಗಿ ತಿರುಗಿಸುತ್ತಾರೆ. ಕೈ ಕಾಣದಿರಲೆಂದು ಮೇಲೆ ನಕಾಶೆ. ಸತ್ತದ್ದು ಎಡವೋ ಬಲವೋ ತಾನೇ ಕಂಡುಹಿಡಿದು, ಉಳಿದೊಂದರ ಮೇಲೆ ವಿಮಾನವನ್ನು ನೆಟ್ಟಗೆ ನಡೆಸಬೇಕು. ಎಂಜಿನ್ ಸತ್ತ ಕಡೆಗೆ ವಿಮಾನ ಎಳೆಯುತ್ತದೆ, ಎದುರು ಕಡೆಯ ಕಾಲಿನಿಂದ ಪೆಡಲ್ ಒತ್ತಿದರೆ ನೆಟ್ಟಗಾಗುತ್ತದೆ.

ಅವಧೂತ ಎರಡು ಸಲ ಫೇಲಾಗಿದ್ದ. ಒಮ್ಮೆ ಗಾಬರಿಯಲ್ಲಿ ಬದುಕಿದ್ದ ಎಂಜಿನ್ನನ್ನೇ ಬಂದ್ ಮಾಡಿಬಿಟ್ಟಿದ್ದ. ಇನ್ನೊಮ್ಮೆ ಕೈಕಾಲು ಮರಗಟ್ಟಿ ಸುಮ್ಮನೆ ಕೂತಿದ್ದ. ಇದು ಕೊನೆಯ ಅವಕಾಶ. ಪಾಸಾದರೆ ಮುಂಬಯಿಯ ವಿಮಾನ ಕಂಪನಿಯಲ್ಲಿ ನೌಕರಿ. ಇಲ್ಲವಾದರೆ ಬಾರಾಮತಿಯಲ್ಲಿ ಮಾವನ ಬೆಲ್ಲದ ಅಡತಿ ಅಂಗಡಿ. ಅಲ್ಲಿ ಅವನಿಗಾಗಿ ಗಾದಿ ಹಾಸಿ, ಲೋಡು ಇಟ್ಟೂ ಆಗಿತ್ತು.

ಹೆಂಡತಿ ಗೋದಾಳಿಗೆ ತವರಿನ ಬೆಲ್ಲ ಬೇಕಿತ್ತು, ಬೆಲ್ಲದ ಅಂಗಡಿ ಬೇಕಿರಲಿಲ್ಲ. ಪುಣೆಯ ಮನೆಯಲ್ಲಿ ಅವಳೇ ಪರೀಕ್ಷಕಿ. ಪೆಡಲ್‌ಗಳೆಂದು ಕಾಲ ಕೆಳಗೆ ಎರಡು ಮಣೆ ಇಟ್ಟುಕೊಂಡು ಅವನು ಕುರ್ಚಿಯಲ್ಲಿ ಕೂರುವುದು. ಅವಳು ರೊಟ್ಟಿ ಬಡಿಯುತ್ತಲೇ ನಡುವೆ ಎಲ್ಲೋ ಎಡಗಡೆಯದು ಸತ್ತಿತು ಎನ್ನುವುದು. ಅವನು ಬಲಗಾಲು ಒತ್ತುವುದು. ತಪ್ಪಿದ ದಿನ ರೊಟ್ಟಿಗೆ ಬೆಣ್ಣೆ ಇಲ್ಲ. ಅರೆಬರೆ ಕನ್ನಡ ಬಲ್ಲ ನೆರೆಮನೆಯ ಕೃಷ್ಣಾಬಾಯಿ ಒಮ್ಮೆ, ಸತ್ತದ್ದು ಯಾರೆಂದು ಕೇಳಲು ಓಡಿ ಬಂದಿದ್ದರು.

“ಆ ನಕಾಶೀ ಸಾಹೇಬ್ರಿಗೆ ಅಂಜಬ್ಯಾಡ್ರಿ,” ಎಂದಿದ್ದಳು ಗೋದಾ ಬೆಳಿಗ್ಗೆ. “ನನಗಿಂತ ಕಟ್ಟುನಿಟ್ಟ ಏನ್ ಇರ್ತಾರ ಅವರು.”

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೆಯ ವಿಮಾನ. ಗೊಣಗುತ್ತಲೇ ಓಡಿ ನೆಲ ಬಿಟ್ಟಿತು. ಕೆಳಗೆ ಮೇಯುವ ಎಮ್ಮೆಗಳ ಕೊಂಬು ಇನ್ನೂ ಕಾಣುತ್ತಿತ್ತು. ಆಗಲೇ ವಿಮಾನದ ಮೂಗು ಎಡಕ್ಕೆ ಎಳೆಯಿತು.

ಇಷ್ಟು ಕೆಳಗಿರುವಾಗಲೇ ಚಾವಿ ತಿರುಗಿಸುವುದೇ? ಅವಧೂತನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಗಾಬರಿಗೆ ಜಾಗವೇ ಉಳಿಯಲಿಲ್ಲ. ಬಲಗಾಲು ತಾನಾಗಿ ಒತ್ತಿತು. ಎಡಗಾಲು ಸುಮ್ಮನಿತ್ತು, ಸುಮ್ಮನಿದ್ದ ಕಾಲಿನ ಕಡೆಯದೇ ಸತ್ತದ್ದು. ಎಡದ್ದು ಹೋಯಿತೆಂದು ಹೇಳಿ, ಅದರ ಸ್ವಿಚ್ಚು ಬಂದ್ ಮಾಡಿ, ಉಳಿದೊಂದರ ಬಲದಲ್ಲಿ ಮೆಲ್ಲಗೆ ಏರಿ ಮೈದಾನವನ್ನು ಸುತ್ತಿದ. ಹೊಳಬಸಪ್ಪನವರು ಎರಡೂ ಕೈಯಿಂದ ನಕಾಶೆಯನ್ನು ಹಿಡಿದು ಮುದ್ದೆ ಮಾಡುತ್ತಿದ್ದರು. ತಪ್ಪು ಸಿಗಲಿಲ್ಲವೆಂಬ ಸಂಕಟ, ಅಂದುಕೊಂಡ.

“ಸಾಹೇಬ್ರ, ಸಾಕಲ್ರಿ. ಇನ್ನ ಅದನ್ನ ಚಾಲೂ ಮಾಡ್ರಿ.”

“ಇರಲಿ.” ಅವರು ನಕಾಶೆಯಿಂದ ಕೈ ತೆಗೆಯಲಿಲ್ಲ. “ಹಿಂಗ ಇಳಸ್ರಿ. ಮಾತ ಬ್ಯಾಡ.”

ಇಳಿಸಿದ. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಹೊಳಬಸಪ್ಪನವರು ಇಳಿದು, ಹೋಗಿ ಹುಲ್ಲಿನ ಮೇಲೆ ಕೂತುಬಿಟ್ಟರು. ಅವಧೂತನ ಮೂಗಿಗೆ ಬೆಲ್ಲದ ವಾಸನೆ ಬಡಿಯಿತು.

ನೌಕರಿ ಹೋಗುವುದಂತೂ ಹೋಯಿತು, ಇನ್ನು ಬಾಯಿ ಕಟ್ಟಿಕೊಳ್ಳುವುದೇಕೆಂದು ಎದುರು ನಿಂತ.

“ಪರೀಕ್ಷಾ ಮಾಡ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಎಮ್ಮೀ ಬೆನ್ನ ಮ್ಯಾಲ ಹಾರೂವಾಗ ಚಾವಿ ತಿರವೂದು ಯಾವ ನ್ಯಾಯರಿ? ನಾ ತಪ್ಪಿದ್ರ ನೀವೂ ಉಳೀತಿರಲಿಲ್ಲ.”

ಹೊಳಬಸಪ್ಪನವರು ಮುಖದ ಬೆವರು ಒರೆಸಿಕೊಂಡು, ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

“ಪರೀಕ್ಷಾ ಶುರು ಆಗೂಕಿಂತ ಮೊದಲ ಪಾಸ್ ಆದಿ ತಮ್ಮಾ. ಚಾವಿಗೆ ನಾ ಇನ್ನೂ ಕೈ ಹಚ್ಚಿರಲಿಲ್ಲ.”